ತುಳಸಿಗೆ ನುಸಿ ಬಂದಾಗ

ಹೇಳಿ ಕೇಳಿ ನಾನೊಬ್ಬ ಕೇಂದ್ರ ಸರಕಾರದ ಗುಮಾಸ್ತ. ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ಹಿಡಿದು ಹೋಗಿ, ದಿನವಿಡೀ ಕಡತಗಳೊಡನೆ ಕಳೆದು, ರಾತ್ರಿ ಮನೆ ಸೇರುವವನು. ನಮ್ಮ ಜಮೀನೆಂದರೆ ಮೂರನೆಯ ಮಾಳಿಗೆಯ ಪಡುವಣ ಕಿಟಕಿಯ ಒಳಗಟ್ಟೆ; ಬೆಳೆಯೆಂದರೆ ಒಂದು ತುಳಸಿ, ಒಂದು ಗುಲಾಬಿ, ಎರಡು ಕ್ರೋಟನ್. ಆದರೂ ಕಳೆದ ಬೇಸಿಗೆಯಲ್ಲಿ ಈ ಕಟ್ಟೆ ಕಲಿಸಿದ ಪಾಠವನ್ನು ವಾಚಕರ ಮುಂದಿಡಬೇಕೆನಿಸಿದೆ.

ತುಳಸಿ ಅಮ್ಮನದು. ಅಪ್ಪ ತೀರಿಕೊಂಡ ಮೇಲೆ ಕುಂದಾಪುರದ ಕಡೆಯ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬರುವಾಗ, ಅಂಗಳದ ಕಟ್ಟೆಯಿಂದ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಸಸಿ. ಬೆಳಿಗ್ಗೆ ಮಿಂದು, ಅದಕ್ಕೆ ನೀರೆರೆದು, ಎರಡು ದಳ ಬಾಯಿಗೆ ಹಾಕಿಕೊಂಡ ಮೇಲೆಯೇ ಅವರಿಗೆ ಕಾಫಿ.

ಮೇ ತಿಂಗಳಲ್ಲಿ ಎಲೆಗಳ ಮೇಲೆ ಸೂಜಿ ಚುಚ್ಚಿದಂಥ ಬಿಳಿ ಚುಕ್ಕೆಗಳು ಕಂಡವು. ‘ದೃಷ್ಟಿ ತಾಗಿದೆ’ ಎಂದರು ಅಮ್ಮ. ‘ಧೂಳು’ ಎಂದಳು ನನ್ನಾಕೆ. ನಾನು ಬಿ.ಎಸ್ಸಿ. ಓದಿದವನಲ್ಲವೇ! ‘ಹುಳ’ ಎಂದು ತೀರ್ಪು ಕೊಟ್ಟು, ಪೇಟೆಯಿಂದ ಕೀಟನಾಶಕದ ಪುಟ್ಟ ಸೀಸೆ ತಂದು, ಭಾನುವಾರ ಸಂಜೆ ಅಮ್ಮ ಭಜನೆಗೆ ಹೋಗಿದ್ದಾಗ ಎಲ್ಲ ಗಿಡಗಳಿಗೂ ಸಿಂಪಡಿಸಿದೆ.

ಮರುದಿನ ಗಾಡಿ ಮುಂಬ್ರಾ ದಾಟುವಾಗ ಎದೆ ಧಸಕ್ಕೆಂದಿತು. ಅಮ್ಮನಿಗೆ ಹೇಳಿರಲಿಲ್ಲ! ಆ ನೂಕುನುಗ್ಗಲಲ್ಲಿ ಕಿಸೆಯ ಫೋನಿಗೆ ಕೈ ಹೋಗುವಂತಿಲ್ಲ. ಠಾಣೆಯಲ್ಲಿ ಹೇಗೋ ಇಳಿದು ಮನೆಗೆ ಫೋನು ಮಾಡಿದೆ. ‘ಎಲೆಗೆ ಏನೋ ವಾಸನೆ ಇತ್ತು ಮಗಾ, ಕೊಯ್ಯಲಿಲ್ಲ. ಬರೇ ಕೈಮುಗಿದೆ’ ಎಂದರು. ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕುಳಿತು ಎರಡು ಗಾಡಿ ಬಿಟ್ಟೆ.

ಇಷ್ಟಾಗಿಯೂ ಹತ್ತು ದಿನ ಕಳೆಯುವಷ್ಟರಲ್ಲಿ ಚುಕ್ಕೆಗಳು ಇಮ್ಮಡಿಯಾಗಿ, ಚಿಗುರಿನ ಸುತ್ತ ನವಿರಾದ ಬಲೆ ಹಬ್ಬಿತ್ತು. ಆಗ ಮಾತ್ರ ನಾನು ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಬಿಳಿ ಕಾಗದದ ಮೇಲೆ ರೆಂಬೆಯನ್ನು ಕೊಡವಿ ಮಗಳ ಭೂತಗನ್ನಡಿಯಲ್ಲಿ ನೋಡಿದೆ. ಅರ್ಧ ಮಿಲಿಮೀಟರಿನಷ್ಟು ಚುಕ್ಕೆಗಳು ಹರಿದಾಡುತ್ತಿದ್ದವು, ಕಾಲು ಎಂಟು! ಆರು ಕಾಲಿನ ಕೀಟವಲ್ಲ, ಜೇಡನ ದಾಯಾದಿಯಾದ ನುಸಿ. ಎಲೆಯಡಿಯಲ್ಲಿ ಕುಳಿತು ರಸ ಹೀರುವ ಜೀವಿ. ಅನೇಕ ಕೀಟನಾಶಕಗಳು ಇದನ್ನು ಕೊಲ್ಲುವುದಿಲ್ಲ. ಇದನ್ನು ತಿಂದು ಬದುಕುವ ಗುಲಗಂಜಿ ಹುಳುಗಳನ್ನೂ ಪರಭಕ್ಷಕ ನುಸಿಗಳನ್ನೂ ಕೊಲ್ಲುತ್ತವೆ. ನಾನು ಪೋಲೀಸರನ್ನು ಓಡಿಸಿ ಕಳ್ಳರಿಗೆ ಬಾಗಿಲು ತೆರೆದಿದ್ದೆ.

ಒಣ ಹವೆ, ಬಿಸಿಲಿನ ಝಳ, ಧೂಳು ಇದಕ್ಕೆ ಪ್ರಿಯ. ಬಿರುಬೇಸಿಗೆಯಲ್ಲಿ ಮೊಟ್ಟೆಯೊಡೆದು ಬೆಳೆದು ತಾನೇ ಮೊಟ್ಟೆಯಿಡಲು ಒಂದು ವಾರ, ಹತ್ತು ದಿನ ಸಾಕು. ಊರಿನ ಅಂಗಳದಲ್ಲಿ ಮಳೆಯೂ ಮಂಜೂ ಎಲೆ ತೊಳೆಯುತ್ತಿದ್ದವು. ನಮ್ಮ ಕಿಟಕಿಯೊಳಗೆ ಜೂನ್ ಬಂದರೂ ಹನಿ ಬೀಳದು.

ಹಾಗಾಗಿ ಮದ್ದು ಸಿಂಪಡಿಸಿದ ತುಳಸಿಯ ರೆಂಬೆಗಳನ್ನೆಲ್ಲ ಕತ್ತರಿಸಿ ಬಿಸಾಡಿ, ಕುಂಡವನ್ನು ಬೇರೆ ಕಿಟಕಿಗೆ ಸರಿಸಿದೆವು. ಮೂರು ನಾಲ್ಕು ದಿನಕ್ಕೊಮ್ಮೆ ಬಚ್ಚಲಿಗೊಯ್ದು, ಮಣ್ಣಿನ ಮೇಲೆ ಪ್ಲಾಸ್ಟಿಕ್ ಹೊದಿಸಿ, ಎಲೆಯಡಿಗೆ ರಭಸದಿಂದ ನೀರು ಹಾಯಿಸುವುದು. ತುಳಸಿಗೆ ಬರೇ ನೀರು. ಗುಲಾಬಿ, ಕ್ರೋಟನ್‌ಗಳಿಗೆ ವಾರಕ್ಕೊಮ್ಮೆ ಬಿಸಿಲಿಳಿದ ಮೇಲೆ, ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ಅದು ಬೆರೆಯಲು ಕೆಲವು ತೊಟ್ಟು ಸಾಬೂನಿನ ದ್ರಾವಣ. ಒಂದೇ ಸಲಕ್ಕೆ ಮೊಟ್ಟೆಗಳೆಲ್ಲ ಸಾಯುವುದಿಲ್ಲ. ಆದುದರಿಂದ ನುಸಿ ಕಾಣದಿದ್ದರೂ ಕೆಲವು ವಾರ ಬಿಡದೆ ಮಾಡಬೇಕು. ನಾನು ಬೇಸತ್ತ ದಿನಗಳಲ್ಲಿ ಅಮ್ಮನೇ ಒಂದೊಂದು ಎಲೆಯನ್ನೂ ಅಂಗೈ ಮೇಲಿಟ್ಟು, ಮಗುವಿನ ಮುಖ ತೊಳೆದಂತೆ ತೊಳೆದರು. ಅಷ್ಟು ದಿನವೂ ದಳವಿಲ್ಲದೆಯೇ ಅವರ ಕಾಫಿ ನಡೆಯಿತು. ನನ್ನನ್ನು ಒಂದು ಮಾತೂ ಆಡಲಿಲ್ಲ.

ಶ್ರಾವಣದಲ್ಲಿ ಹೊಸ ಚಿಗುರು ತುಂಬಿತು. ಒಂದು ಬೆಳಿಗ್ಗೆ ಅಮ್ಮ ಎರಡು ದಳ ಕೊಯ್ದು, ಆಫೀಸಿಗೆ ಹೊರಟ ನನ್ನ ಕೈಗೆ ಹಾಕಿದರು.

‘ಮೊದಲು ನೀನು ತಿಂದು ನೋಡು’ ಎಂದು ನಕ್ಕರು.