ಬಾಡಿಗೆ ಗಾಡಿ ನಿಂತರೆ ಅಪಘಾತ ನಿಲ್ಲುತ್ತಾ?



ಈ ಸಲ ನಮ್ಮ ಕನ್ನಡ ಸಂಘದ ಚರ್ಚಾಸ್ಪರ್ಧೆಗೆ ಕೊಟ್ಟಿದ್ದ ವಿಷಯ ಇದು: "ಬಾಡಿಗೆ ವಾಹನಗಳಿಗೆ ಮಿತಿ ಹಾಕಿದರೆ ರಸ್ತೆ ಅಪಘಾತ ಕಡಿಮೆಯಾಗುತ್ತದೆಯೇ?" ನಮ್ಮ ರೂಮಿನ ಮೂವರೂ ಹೆಸರು ಕೊಟ್ಟೆವು. ಚೀಟಿ ಎತ್ತಿದಾಗ ನಮಗೆ ಬಂದದ್ದು "ಹೌದು" ಅನ್ನುವ ಪಕ್ಷ. ಬಹುಮಾನ ಬೇರೆಯವರ ಪಾಲಾಯಿತು, ಆದರೆ ವಿಷಯ ಮಾತ್ರ ನಮ್ಮನ್ನ ಬಿಡಲಿಲ್ಲ. ಐದು ನಿಮಿಷದಲ್ಲಿ ಹೇಳೋಕಾಗದ್ದನ್ನ ಇಲ್ಲಿ ಬರೀತಿದ್ದೀವಿ. ನಾವು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಒತ್ತಕ್ಷರ ತಪ್ಪಿದ್ರೆ ಹೊಟ್ಟೆಗೆ ಹಾಕಿಕೊಳ್ಳಿ.

"ಹೌದು" ಅನ್ನೋದು ನಮಗೆ ಕಷ್ಟ ಆಗಲಿಲ್ಲ. ನಮ್ಮ ಮಹಡಿಯ ಫೈನಲ್ ಇಯರ್ ಅಣ್ಣ ಒಬ್ಬರು ಹೋದ ವರ್ಷ ಟ್ರಿಪ್ಪಿಗೆ ಹೋದಾಗ ಬಾಡಿಗೆ ಸ್ಕೂಟರ್‌ನಿಂದ ಬಿದ್ದು ತೊಡೆ ಮೂಳೆ ಮುರಿದುಕೊಂಡರು. ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಸರಿಯಾಗಿ ಹಿಡೀಲಿಲ್ಲವಂತೆ. ಕಾಲಿಗೆ ರಾಡ್ ಹಾಕಿದರು. ಒಂದು ಸೆಮಿಸ್ಟರ್ ಹೋಯಿತು, ಪ್ಲೇಸ್‌ಮೆಂಟಿನ ಮೊದಲ ಸುತ್ತುಗಳೂ ಹೋದವು. ಮೆಸ್ಸಿನಿಂದ ಅವರ ರೂಮಿಗೆ ಊಟದ ತಟ್ಟೆಯನ್ನ ನಾವೇ ಸರದಿ ಮೇಲೆ ತಗೊಂಡು ಹೋಗ್ತಿದ್ವಿ. ಹಾಗಾಗಿ ಬಾಡಿಗೆ ಗಾಡಿಗಳನ್ನ ಕಡಿಮೆ ಮಾಡಬೇಕು ಅಂತ ಯಾರಾದರೂ ಅಂದರೆ ಅದು ನಮಗೆ ಬರೀ ವಾದ ಅಲ್ಲ.

ಆ ಪಕ್ಷದಲ್ಲಿ ನ್ಯಾಯವೂ ಇದೆ. ಬಾಡಿಗೆ ಗಾಡಿಯಲ್ಲಿ ಗಾಡಿ ಹೊಸದು, ರಸ್ತೆ ಹೊಸದು, ಎಷ್ಟೋ ಸಲ ಓಡಿಸುವವರೂ ಹೊಸಬರು. ಬ್ರೇಕ್ ಎಷ್ಟು ಒತ್ತಿದರೆ ಎಷ್ಟು ನಿಲ್ಲತ್ತೆ ಅನ್ನೋದು ಕೈಗೆ ಗೊತ್ತಿರಲ್ಲ. ಬಾಡಿಗೆ ಗಂಟೆ ಲೆಕ್ಕ, ತಡವಾದರೆ ಇನ್ನೂರು ಮುನ್ನೂರು ಜಾಸ್ತಿ. ಸಂಜೆ ವಾಪಸ್ ಬರುವಾಗ ಎಲ್ಲರೂ ಆಕ್ಸಿಲರೇಟರ್ ತಿರುವೋದು ಅದಕ್ಕೇ. ನಲವತ್ತರಲ್ಲಿ ಹೋಗುವ ಗಾಡಿ ಅರವತ್ತಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಆದರೆ ಡಿಕ್ಕಿಯಲ್ಲಿರುವ ಶಕ್ತಿ 2.25 ಪಟ್ಟು. ಫಸ್ಟ್ ಇಯರ್ ಫಿಸಿಕ್ಸ್ ಪರೀಕ್ಷೆ ಮುಗಿದ ಮೇಲೂ ರಸ್ತೆಯಲ್ಲಿ ಬೆನ್ನು ಬಿಡಲ್ಲ.

ಇಷ್ಟು ಹೇಳಿದ ಮೇಲೆ ಅಂಕಿ ಅಂಶ ಬೇಕಲ್ಲ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ತೆಗೆದೆವು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಹತ್ತಿರ ಹತ್ತಿರ ಅರ್ಧ, ಶೇಕಡಾ 44.5ರಷ್ಟು, ದ್ವಿಚಕ್ರ ವಾಹನದವರು. ಯಾವ ಬಗೆಯ ವಾಹನ, ವಯಸ್ಸೆಷ್ಟು, ಹೆಲ್ಮೆಟ್ ಇತ್ತಾ, ಎಲ್ಲಕ್ಕೂ ಪಟ್ಟಿ ಇದೆ. ಆದರೆ ಆ ಗಾಡಿ ಸ್ವಂತದ್ದಾ ಬಾಡಿಗೆಯದ್ದಾ ಅನ್ನೋ ಕಾಲಂ ನಾವು ನೋಡಿದ ಪಟ್ಟಿಗಳಲ್ಲಿ ಎಲ್ಲೂ ಸಿಗಲಿಲ್ಲ. ಹಾಗಿದ್ದ ಮೇಲೆ ಬಾಡಿಗೆ ಗಾಡಿಯೇ ಹೆಚ್ಚು ಅಪಾಯ ಅಂತ ಯಾವ ಆಧಾರದ ಮೇಲೆ ಹೇಳೋದು?

ಸುಮ್ಮನೆ ಒಂದು ಲೆಕ್ಕ ಹಾಕಿ. ಒಂದು ಕ್ಯಾಂಪಸ್ಸಿನಲ್ಲಿ ನೂರು ಜನ ಬಾಡಿಗೆ ಗಾಡಿ ಓಡಿಸ್ತಾರೆ, ನಾಲ್ಕು ಜನ ಬೀಳ್ತಾರೆ. ಐನೂರು ಜನ ಸ್ವಂತ ಗಾಡಿ ಓಡಿಸ್ತಾರೆ, ಇಪ್ಪತ್ತು ಜನ ಬೀಳ್ತಾರೆ. ಎರಡರಲ್ಲೂ ನೂರಕ್ಕೆ ನಾಲ್ಕೇ. ಆದರೆ ಸ್ವಂತ ಗಾಡಿಯಿಂದ ಬಿದ್ದರೆ "ಪಾಪ, ಬಿದ್ದ" ಅಂತೀವಿ, ಬಾಡಿಗೆ ಗಾಡಿಯಿಂದ ಬಿದ್ದರೆ "ಬಾಡಿಗೆ ಗಾಡಿಯಿಂದ ಬಿದ್ದ" ಅಂತೀವಿ. ನೆನಪಲ್ಲಿ ಉಳಿಯೋದು ಎರಡನೆಯದು.

ಕಾನೂನು ಹುಡುಕಿದಾಗ ಇನ್ನೊಂದು ಆಶ್ಚರ್ಯ ಕಾದಿತ್ತು. ಬಾಡಿಗೆ ಕಾರಿನ ಕೇಂದ್ರ ಯೋಜನೆ 1989ರದ್ದು, ಬಾಡಿಗೆ ಬೈಕಿನದ್ದು 1997ರದ್ದು. ಎರಡರಲ್ಲೂ ಮಿತಿ ಇದೆ, ಆದರೆ ಉಲ್ಟಾ! ಇಷ್ಟಕ್ಕಿಂತ ಹೆಚ್ಚು ಗಾಡಿ ಇರಬಾರದು ಅಂತಲ್ಲ, ಇಷ್ಟಕ್ಕಿಂತ ಕಡಿಮೆ ಇರಬಾರದು ಅಂತ. ಲೈಸೆನ್ಸ್ ಬೇಕಾದರೆ ಕಾರು ಕನಿಷ್ಠ 50 ಇರಬೇಕು, ಬೈಕು ಕನಿಷ್ಠ 5. ನಮಗೆ ತೋಚಿದ ಅರ್ಥ ಏನಂದ್ರೆ, ಇಷ್ಟು ಬಂಡವಾಳ ಹಾಕಿದವನು ಗಾಡಿ ನೋಡಿಕೊಳ್ತಾನೆ, ಏನಾದರೂ ಆದರೆ ಕೈಗೆ ಸಿಗ್ತಾನೆ. ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇದ್ದರೆ ಅದು ಲೈಸೆನ್ಸ್ ಇರುವ ಬಾಡಿಗೆ ಗಾಡಿ. ಈಗ ಲೈಸೆನ್ಸಿನ ಸಂಖ್ಯೆಗೆ ಮಿತಿ ಹಾಕಿದರೆ ಮೊದಲು ಕಡಿಮೆಯಾಗೋದು ಇವೇ. ಬಿಳಿ ಬೋರ್ಡಿನ ಸ್ವಂತ ಗಾಡಿಯನ್ನ ಕದ್ದುಮುಚ್ಚಿ ಬಾಡಿಗೆಗೆ ಬಿಡುವವರು ಯಾವ ಲೆಕ್ಕದಲ್ಲೂ ಇರಲ್ಲ.

ಈ ವಾದಗಳನ್ನೆಲ್ಲ ತಲೆಯಲ್ಲಿ ತುಂಬಿಕೊಂಡೇ ರಜೆಗೆ ಕುದಾಪುರಕ್ಕೆ ಹೋದೆವು. ನಮ್ಮ ಮೂವರಲ್ಲಿ ಒಬ್ಬನ ಅಮ್ಮನ ತವರು ಅದರ ಪಕ್ಕದ ಹಳ್ಳಿ. ಚಳ್ಳಕೆರೆ ತಾಲ್ಲೂಕಿನ ಈ ಕುದಾಪುರದ ಹೆಸರನ್ನ ನೀವು ಕೇಳಿರಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಅಲ್ಲೇ ಇರೋದು, 1,500 ಎಕರೆ. ಡಿಆರ್‌ಡಿಒ ಹಾರಾಟ ಪರೀಕ್ಷಾ ಕೇಂದ್ರವೂ ಆ ಕಡೆಯ ಕಾವಲಿನಲ್ಲೇ ಇದೆ. ಪೈಲಟ್ ಇಲ್ಲದ ವಿಮಾನ ಹಾರಿಸುವ ಜಾಗ! ಆದರೆ ಬೇಲಿಯ ಈಚೆಗೆ ಬಸ್ಸು ತಪ್ಪಿದರೆ ಮುಂದಿನ ಬಸ್ಸಿಗೆ ಕಾಯಬೇಕು. ನಾವೂ ಕಾದೆವು, ಎರಡು ಪೊಟ್ಟಣ ಕಡ್ಲೆಕಾಯಿ ಮುಗಿಯುವಷ್ಟು ಹೊತ್ತು.

ಅಲ್ಲಿ "ಬಾಡಿಗೆ ಗಾಡಿ" ಅಂದರೆ ಅರ್ಥವೇ ಬೇರೆ. ಬೆಂಗಳೂರಿನಲ್ಲಿ ಆ ಮಾತು ಕೇಳಿದರೆ ನಮಗೆ ಆ್ಯಪು, ಓಟಿಪಿ, ಸ್ಕೂಟರ್ ನೆನಪಾಗತ್ತೆ. ಅಲ್ಲಿ ಅದು ಡ್ರೈವರ್ ಸಮೇತ ಬರುವ ಗಾಡಿ. ಆಟೊ, ಕ್ರೂಸರ್, ಲಗೇಜ್ ಗಾಡಿ. ಮದುವೆಗೆ, ಆಸ್ಪತ್ರೆಗೆ, ಕೂಲಿಗೆ, ನಾಯಕನಹಟ್ಟಿ ತಿಪ್ಪೇಸ್ವಾಮಿ ಜಾತ್ರೆಗೆ ಎಲ್ಲಕ್ಕೂ ಅದೇ. ನಮ್ಮ ಗೆಳೆಯನ ಮಾವ ಅಂಥದ್ದೇ ಒಂದು ಗಾಡಿ ಓಡಿಸ್ತಾರೆ. ಚರ್ಚೆಯ ವಿಷಯ ಹೇಳಿದ್ದಕ್ಕೆ ಅವರು ನಕ್ಕುಬಿಟ್ಟರು.

"ಅಲ್ರಪ್ಪಾ, ಗಾಡಿ ನಿಲ್ಸಿದ್ರೆ ಜನ ಮನ್ಯಾಗೆ ಕುಂತ್ಕಂತಾರಾ? ಟ್ರ್ಯಾಕ್ಟ್ರು ಹತ್ತುತಾರೆ, ಇಲ್ಲಾಂದ್ರೆ ಒಂದೇ ಬೈಕ್ನಾಗೆ ನಾಕು ಜನ ಹೋಗ್ತಾರೆ. ನೀವು ಲೆಕ್ಕ ಓದಿದೋರು, ಆ ಲೆಕ್ಕಾನೂ ಹಾಕ್ರಿ."

"ಹಂಗಾದ್ರೆ ನೀವು ಎಷ್ಟು ಜನ ಹತ್ತಿಸ್ತೀರಿ ಮಾವ?" ಅಂತ ಕೇಳಿದೆವು.

ಅವರು ತಕ್ಷಣ ಉತ್ತರ ಕೊಡಲಿಲ್ಲ. "ಜಾತ್ರೆ ದಿನ ಕೇಳಬ್ಯಾಡ್ರಿ" ಅಂದರು.

ಆ ಉತ್ತರವನ್ನ ತಮಾಷೆ ಅಂತ ಬಿಡೋಕಾಗಲ್ಲ. 2022ರ ಆಗಸ್ಟ್ 25ರಂದು ತುಮಕೂರು ಜಿಲ್ಲೆಯ ಶಿರಾ ಹತ್ತಿರ ಹೆದ್ದಾರಿಯಲ್ಲಿ ಕ್ರೂಸರ್ ಮತ್ತು ಲಾರಿ ಡಿಕ್ಕಿಯಾಗಿ ಒಂಬತ್ತು ಜನ ಸತ್ತರು. ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದವರು, ಜೊತೆಗೆ ಮಕ್ಕಳೂ ಇದ್ದರು. ಆ ಒಂದು ಗಾಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ. ಇಲ್ಲಿ ಸಮಸ್ಯೆ ಗಾಡಿಗಳು ಹೆಚ್ಚಾಗಿದ್ದವು ಅನ್ನೋದಾ, ಅಥವಾ ಇಷ್ಟು ಜನಕ್ಕೆ ಒಂದೇ ಗಾಡಿ ಆಗಿತ್ತು ಅನ್ನೋದಾ? ಗಾಡಿಗಳ ಸಂಖ್ಯೆ ಕಡಿಮೆ ಮಾಡಿದರೆ ಇಪ್ಪತ್ತು ಜನ ಇದ್ದ ಕಡೆ ಇಪ್ಪತ್ತೈದು ಆಗಬಹುದು. ನಮ್ಮ ಪಕ್ಷದ ವಾದ ನಮಗೇ ಅಲ್ಲಾಡಿದ್ದು ಇಲ್ಲಿ.

ಬೇರೆ ಊರಿನವರು ಮಿತಿ ಹಾಕಿ ನೋಡಿದ್ದಾರಾ ಅಂದ್ರೆ, ಹೌದು. ಪ್ಯಾರಿಸ್‌ನಲ್ಲಿ ಬಾಡಿಗೆ ಇ-ಸ್ಕೂಟರ್ ಸುಮಾರು 15,000 ಇದ್ದವು. ಮೊದಲು ಕಂಪನಿಗಳನ್ನ ಮೂರಕ್ಕೆ ಇಳಿಸಿದರು, ಜನ ಓಡಾಡುವ ಎಷ್ಟೋ ಕಡೆ ವೇಗವನ್ನ ಗಂಟೆಗೆ 10 ಕಿಲೋಮೀಟರಿಗೆ ಕಟ್ಟಿಹಾಕಿದರು. ಆಮೇಲೆ 2023ರ ಏಪ್ರಿಲ್ 2ರಂದು ಜನರನ್ನೇ ಕೇಳಿದರು. ವೋಟು ಹಾಕಿದವರು ನೂರಕ್ಕೆ ಎಂಟು ಜನವೂ ಇಲ್ಲ, ಆದರೆ ಹಾಕಿದವರಲ್ಲಿ ಸುಮಾರು ಶೇಕಡಾ 89 ಜನ ಬೇಡ ಅಂದರು. ಆ ಸೆಪ್ಟೆಂಬರಿನಿಂದ ಬಾಡಿಗೆಯವು ಹೋದವು, ಸ್ವಂತದ್ದು ಹಾಗೇ ಓಡ್ತಿವೆ. ಅಲ್ಲಿ ಮೆಟ್ರೊ ಇದೆ, ಬಸ್ಸಿದೆ. ಸ್ಕೂಟರ್ ಹೋದರೆ ಹತ್ತೋಕೆ ಬೇರೆ ಏನೋ ಒಂದು ಸಿಗತ್ತೆ.

ನಮ್ಮ ಬೆಂಗಳೂರನ್ನೇ ನೋಡಿ. ಹೈಕೋರ್ಟ್ ಆದೇಶದಂತೆ 2025ರ ಜೂನ್ 16ರಿಂದ ಬೈಕ್ ಟ್ಯಾಕ್ಸಿ ನಿಂತಿತು. ಅದು ನಿಂತದ್ದು ನಿಯಮ ಇಲ್ಲ ಅನ್ನೋ ಕಾರಣಕ್ಕೆ, ಅಪಘಾತದ ಕಾರಣಕ್ಕಲ್ಲ, ನಿಜ. ಆದರೆ ಆಮೇಲೆ ಏನಾಯ್ತು? ಜನ ತಮ್ಮನ್ನ ತಾವೇ "ಪಾರ್ಸೆಲ್" ಅಂತ ಬುಕ್ ಮಾಡಿಕೊಂಡು ಹಿಂದಿನ ಸೀಟಿನಲ್ಲಿ ಕೂತರು! ಎಲ್ಲರೂ ನಕ್ಕೆವು. ಆದರೆ ಹೋಗಲೇಬೇಕಾದವನು ಹೇಗಾದರೂ ಹೋಗ್ತಾನೆ ಅಂತ ಮಾವ ಹೇಳಿದ್ದೂ ಇದನ್ನೇ.

ಹಾಗಾದರೆ ನಮ್ಮ ತೀರ್ಮಾನ ಏನು? ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ, ಅಪಾಯ ಅನ್ನೋದು ಮೂರರ ಗುಣಲಬ್ಧ: ಎಷ್ಟು ಓಡಾಡ್ತೀವಿ, ಓಡಾಡಿದಾಗ ಎಷ್ಟು ಸಲ ಬೀಳ್ತೀವಿ, ಬಿದ್ದಾಗ ಎಷ್ಟು ಪೆಟ್ಟಾಗತ್ತೆ. ಗಾಡಿಗಳ ಸಂಖ್ಯೆಗೆ ಮಿತಿ ಹಾಕೋದು ಮೊದಲನೆಯದನ್ನ ಮಾತ್ರ ಮುಟ್ಟತ್ತೆ. ಅದೂ ಬಸ್ಸಿರುವ ಕಡೆ ಮಾತ್ರ. ಬಸ್ಸಿಲ್ಲದ ಕಡೆ ಓಡಾಟ ಕಡಿಮೆಯಾಗಲ್ಲ, ಗಾಡಿ ಬದಲಾಗತ್ತೆ, ಎಷ್ಟೋ ಸಲ ಇನ್ನೂ ಕೆಟ್ಟದ್ದಕ್ಕೆ. ಹಾಗಾಗಿ ಸಂಖ್ಯೆಗೆ ಮಿತಿ ಬೇಡ, ಕೊಡುವ ರೀತಿಗೆ ಮಿತಿ ಬೇಕು ಅಂತೀವಿ. ಲೈಸೆನ್ಸ್ ನೋಡದೆ ಕೀ ಕೊಡಬಾರದು. ಬ್ರೇಕು, ಟೈರು, ಲೈಟು ನೋಡಿದ ದಿನಾಂಕ ಗಾಡಿಯ ಮೇಲೇ ಇರಬೇಕು. ಸಂಜೆ ತಡವಾದರೆ ದಂಡ ಹಾಕುವ ಬದಲು ಒಂದು ಗಂಟೆ ಬಿಟ್ಟುಕೊಡಬೇಕು. ಕ್ರೂಸರಿನಲ್ಲಿ ಸೀಟಿಗಿಂತ ಹೆಚ್ಚು ಜನ ಬೇಡ, ಆದರೆ ಆ ನಿಯಮದ ಜೊತೆಗೇ ಬಸ್ಸೂ ಬರಬೇಕು. ಇದರಿಂದ ಬಾಡಿಗೆ ಜಾಸ್ತಿಯಾಗತ್ತೆ, ಗೊತ್ತು. ನಮ್ಮ ಜೇಬಿಗೂ ಕಷ್ಟವೇ. ಆದರೂ ಅಣ್ಣನ ಕಾಲಿನ ರಾಡಿಗೆ ಆದ ಖರ್ಚಿನ ಮುಂದೆ ಅದು ಏನೂ ಅಲ್ಲ.

ಕೊನೆಗೆ ಒಂದೇ ಒಂದು ಅಂಕಿ. ಅದೇ 2022ರ ವರದಿಯಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅದರಲ್ಲಿ 14,337 ಜನ ಗಾಡಿ ಓಡಿಸುತ್ತಿರಲೇ ಇಲ್ಲ, ಹಿಂದೆ ಕೂತಿದ್ದರು. ನಮ್ಮ ಗೇಟಿನ ಎದುರು ಬಾಡಿಗೆ ಗಾಡಿ ತಗೊಂಡರೆ ಸಾಮಾನ್ಯವಾಗಿ ಸಿಗೋದು ಒಂದೇ ಹೆಲ್ಮೆಟ್. ಎರಡನೆಯದನ್ನ ಕೇಳಿ. ಕೊಡಲ್ಲ ಅಂದ್ರೆ ಸಂಘದ ರೂಮಿಗೆ ಬನ್ನಿ. ನಾವು ಮೂವರೂ ದುಡ್ಡು ಹಾಕಿ ಐಎಸ್‌ಐ ಗುರುತಿನ ಎರಡು ಹೆಲ್ಮೆಟ್ ತಂದಿಟ್ಟಿದ್ದೀವಿ. ರಿಜಿಸ್ಟರಿನಲ್ಲಿ ಹೆಸರು ಬರೆದು ತಗೊಂಡು ಹೋಗಿ, ಸೋಮವಾರ ವಾಪಸ್ ತಂದಿಡಿ. ಬಾಡಿಗೆ ಏನೂ ಇಲ್ಲ.