ಇನ್ನೊಂದು ಲೆಡ್ಡು ಹಾಕಿಸಿ

ಮೊನ್ನೆ ಪಕ್ಕದ ಬಡಾವಣೆಯ ಹಿರಿಯ ನಾಗರಿಕರ ವೇದಿಕೆಯಿಂದ ಅವರ ಮಾಸಪತ್ರಿಕೆ ಬಂತು. ಥಳಥಳಿಸುವ ಆರ್ಟ್ ಪೇಪರು, ಪುಟಪುಟಕ್ಕೂ ಬಣ್ಣ. ಓದೋಣವೆಂದು ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ದೀಪವೇ ಹಾಳೆಯ ಮೇಲೆ ಬಂದು ಕೂತಿತು. ಓರೆ ಮಾಡಿ ಹಿಡಿದಾಗ ಅಕ್ಷರ ಕಂಡವು, ಅದೂ ತಿಳಿನೀಲಿಯ ಮೇಲೆ ಬಿಳಿ, ಇರುವೆ ಸಾಲಿನಷ್ಟು ಸಣ್ಣವು. ಎಪ್ಪತ್ತು ದಾಟಿದವರಿಗೆಂದು ಇದನ್ನು ಅಚ್ಚು ಹಾಕಿಸಿದವರ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ವೇದಿಕೆಯ ಪತ್ರಿಕೆ ನಾಲ್ಕೇ ಪುಟದ್ದು. ಎ3 ಹಾಳೆಯನ್ನು ನಡುವೆ ಮಡಿಸಿದರೆ ಆಯಿತು, ಪಿನ್ನೂ ಬೇಡ. ಹೊಳಪಿಲ್ಲದ ಮ್ಯಾಪ್ಲಿಥೊ ಕಾಗದ, ಕಪ್ಪು ಶಾಯಿ, 16 ಪಾಯಿಂಟಿನ ಅಕ್ಷರ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗೆ ತಿರುಗುತ್ತದೆ. ಇಪ್ಪತ್ತರ ಕಣ್ಣಿನೊಳಗೆ ಹೋಗುವ ಬೆಳಕಿನಲ್ಲಿ ಮೂರನೇ ಒಂದು ಪಾಲಷ್ಟೇ ಅರವತ್ತರ ಕಣ್ಣಿಗೆ ದಕ್ಕುತ್ತದೆ ಎನ್ನುತ್ತಾರೆ. ಪೊರೆಯೂ ಬಂದಿದ್ದರೆ ಬೆಳಕು ಚದುರಿ ಕಣ್ಣು ಕುಕ್ಕುತ್ತದೆ. ಅಂಥ ಕಣ್ಣಿನ ಮುಂದೆ ಕನ್ನಡದ ಅಕ್ಷರಗಳನ್ನು ಇಟ್ಟು ನೋಡಿ. ‘ಪ’ಕ್ಕೂ ‘ಷ’ಕ್ಕೂ ನಡುವಿನ ಒಂದು ಗೀಟಷ್ಟೇ ವ್ಯತ್ಯಾಸ. ‘ದ’ಕ್ಕೂ ‘ಧ’ಕ್ಕೂ ಬುಡದಲ್ಲೊಂದು ಸೀಳು. ಅಕ್ಷರ ಚಿಕ್ಕದಾದರೆ ಮೊದಲು ಮಾಯವಾಗುವುದು ಇವೇ.

ಅಕ್ಷರ ದೊಡ್ಡದು ಮಾಡಿದರೆ ಮಾತ್ರ ಸಾಲದು, ಸಾಲುಗಳ ನಡುವಿನ ಜಾಗವೂ ಬೇಕು. ಇದನ್ನು ಎಷ್ಟು ಸಂಪಾದಕರಿಗೆ ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕನ್ನಡದ ಸಾಲು ಮೇಲೂ ಬೆಳೆಯುತ್ತದೆ, ಕೆಳಗೂ ಇಳಿಯುತ್ತದೆ. ಮೇಲಿನ ಸಾಲಿನ ‘ಸ್ತ್ರೀ’ಯ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಕಣ್ಣು ಅಲ್ಲೇ ತೊಡರುತ್ತದೆ. ನಮ್ಮ ಸದಸ್ಯರಲ್ಲಿ ಒಬ್ಬರು ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದ ಕಂಪೋಸಿಟರ್. ಆಗ ಎರಡು ಸಾಲುಗಳ ನಡುವೆ ಸೀಸದ ತೆಳು ಪಟ್ಟಿ ಇಡುತ್ತಿದ್ದರಂತೆ, ಅದಕ್ಕೇ ಲೆಡ್ಡು ಎಂದು ಹೆಸರು. ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಇರುವ ಮೊಳೆಗಳನ್ನು ಓದಿ ಪಳಗಿದ ಕಣ್ಣು ಅವರದು. ಪ್ರೂಫ್ ಹಿಡಿದುಕೊಂಡು ಹೋದರೆ ತೋಳಳತೆಗೆ ಹಿಡಿದು ನೋಡುತ್ತಾರೆ, ಒಂದು ಪದವನ್ನೂ ಓದುವುದಿಲ್ಲ. “ಮೇಷ್ಟ್ರೇ, ಇನ್ನೊಂದು ಲೆಡ್ಡು ಹಾಕಿಸಿ” ಎನ್ನುತ್ತಾರೆ. ನಾನು ಡಿಟಿಪಿ ಮಾಡುವ ಹುಡುಗನ ಪಕ್ಕ ಕೂತು ಎರಡು ಪಾಯಿಂಟು ಹೆಚ್ಚಿಸುತ್ತೇನೆ. ಪುಟ ತೆರೆದುಕೊಳ್ಳುತ್ತದೆ. ಈ ಕೆಲಸದಲ್ಲಿ ನನಗೆ ಇದಕ್ಕಿಂತ ದೊಡ್ಡ ಸುಖ ಇನ್ನೊಂದಿಲ್ಲ.

ಹೀಗೆ ಸಡಿಲ ಬಿಟ್ಟ ಮೇಲೆ ನಾಲ್ಕು ಪುಟದಲ್ಲಿ ಹಿಡಿಸುವುದು ಕಡಿಮೆ. ಏನನ್ನು ಬಿಡಬೇಕು ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ. ಶಾಲು ಹೊದಿಸುವ ಫೋಟೊ ಬಿಡಬೇಕು. ಒಬ್ಬರು ಪ್ರಾರ್ಥಿಸಿದರು, ಒಬ್ಬರು ಸ್ವಾಗತಿಸಿದರು, ಒಬ್ಬರು ನಿರೂಪಿಸಿದರು, ಒಬ್ಬರು ವಂದಿಸಿದರು ಎಂಬ ವರದಿ ಬಿಡಬೇಕು. ಮೂಳೆ ಡಾಕ್ಟರು ಬಂದು ಒಂದು ಗಂಟೆ ಮಾತಾಡಿದ್ದರೆ ಅವರಿಗೆ ಹಾರ ಹಾಕಿದವರ ಹೆಸರು ಕಟ್ಟಿಕೊಂಡು ಓದುಗನಿಗೇನು? ಬಚ್ಚಲುಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬೇಡಿ, ರಾತ್ರಿ ಎದ್ದ ಕೂಡಲೇ ನಡೆಯಬೇಡಿ, ಹಾಸಿಗೆಯಂಚಿನಲ್ಲಿ ಒಂದು ನಿಮಿಷ ಕೂತು ಏಳಿ ಎಂದು ಅವರು ಹೇಳಿದ್ದು ಬರಬೇಕು.

ಬೇಕಾದ ಸುದ್ದಿಗೆ ಬರವಿಲ್ಲ. ಕೇಂದ್ರ ಸರ್ಕಾರದ ಪಿಂಚಣಿದಾರರು ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕು. 80 ದಾಟಿದವರು ಅಕ್ಟೋಬರಿನಿಂದಲೇ ಕೊಡಬಹುದು. ಬೆರಳಿನ ಗೆರೆ ಸವೆದವರನ್ನು ಯಂತ್ರ ಗುರುತಿಸದೆ ಹೋದರೆ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಿಸಬಹುದು. ಇದು ಸೆಪ್ಟೆಂಬರ್ ಸಂಚಿಕೆಯ ಮೊದಲ ಪುಟಕ್ಕೆ ಹೋಗಬೇಕು. ಎಲ್ಡರ್‌ಲೈನ್ ಸಹಾಯವಾಣಿ 14567 ಅನ್ನು ಕತ್ತರಿಸಿ ಗೋಡೆಗೆ ಅಂಟಿಸುವಷ್ಟು ದಪ್ಪಗೆ ಹಾಕುತ್ತೇವೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಬಗ್ಗೆ ಒಮ್ಮೆ ಒಂದಿಡೀ ಪುಟ ಕೊಟ್ಟೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿಯನ್ನು ದಾನಪತ್ರ ಮಾಡಿಕೊಟ್ಟು, ಪಡೆದವರು ನೋಡಿಕೊಳ್ಳದೆ ಹೋದರೆ, ಆ ಪತ್ರವನ್ನು ರದ್ದುಪಡಿಸಲು ನ್ಯಾಯಮಂಡಳಿಯನ್ನು ಕೇಳಬಹುದು. ಆದ್ದರಿಂದ ಷರತ್ತನ್ನು ಪತ್ರದಲ್ಲೇ ಬರೆಸಿ ಎಂದು ದಪ್ಪಕ್ಷರದಲ್ಲಿ ಹಾಕಿದೆ. ಆ ಹಾಳೆಯನ್ನು ಹಿಡಿದುಕೊಂಡು ಒಬ್ಬ ತಾಯಿ ವಕೀಲರ ಬಳಿ ಹೋದರು.

ಇಂಥದ್ದಕ್ಕೆ ಜಾಗವಿಲ್ಲ ಎನ್ನುವ ಪತ್ರಿಕೆಗಳಲ್ಲಿ ಏನಿರುತ್ತದೆ? ಸದಾ ನಗುತ್ತಿರಿ, ಸಿಟ್ಟು ಬಿಡಿ, ಮಕ್ಕಳ ವಿಷಯಕ್ಕೆ ಹೋಗಬೇಡಿ, ಮುಪ್ಪು ಎರಡನೇ ಬಾಲ್ಯ. ವಾಟ್ಸ್‌ಆಪ್‌ನಲ್ಲಿ ಬೆಳಿಗ್ಗೆ ಬಂದದ್ದು ಸಂಜೆ ಅಲ್ಲಿ ಅಚ್ಚಾಗಿರುತ್ತದೆ. ಯಾರಿಗೆ ಹೇಳುತ್ತಿದ್ದೀರಿ ಇದನ್ನು? ನಮ್ಮಲ್ಲಿ ಲಾಂದ್ರದ ಬೆಳಕಿನಲ್ಲಿ ಹೆರಿಗೆ ಮಾಡಿಸಿದ ನರ್ಸಮ್ಮ ಇದ್ದಾರೆ. ನಾಲೆಯ ನೀರು ಬಿಡುವಾಗ ಎರಡು ಊರುಗಳ ಜಗಳ ಬಿಡಿಸಿದ ಎಂಜಿನಿಯರು ಇದ್ದಾರೆ. ಇವರಿಗೆ ನಗುವುದನ್ನು ಹೇಳಿಕೊಡುವುದು ಅವಮಾನ. ಓದುಗನನ್ನು ರೋಗಿಯೆಂದೋ ಮಗುವೆಂದೋ ಎಣಿಸಿದ ಪತ್ರಿಕೆ ಎಷ್ಟು ಬಣ್ಣ ಬಳಿದುಕೊಂಡರೂ ಓದಿಸಿಕೊಳ್ಳುವುದಿಲ್ಲ.

ಓದಿಸಿಕೊಳ್ಳುವಂಥ ಬರಹ ಬೇಕಿದ್ದರೆ ಅವರಿಂದಲೇ ಬರೆಸಬೇಕು. ಆದರೆ ‘ನಿಮ್ಮ ನೆನಪುಗಳನ್ನು ಬರೆದುಕೊಡಿ’ ಎಂದರೆ ಯಾರೂ ಬರೆಯುವುದಿಲ್ಲ. ಬರೆದರೂ ಆ ಕಾಲವೇ ಚೆನ್ನಾಗಿತ್ತು ಎಂದು ನಿಲ್ಲಿಸುತ್ತಾರೆ. ಪ್ರಶ್ನೆ ಚಿಕ್ಕದಿರಬೇಕು, ಒಂದು ವಸ್ತುವಿನ ಸುತ್ತ ಇರಬೇಕು. ‘ನಿಮ್ಮ ಮನೆಗೆ ಮೊದಲ ಕುಕ್ಕರ್ ತಂದವರು ಯಾರು?’ ಎಂದು ಕೇಳಿದೆ. ಚೀಟಿಗಳು ಬಂದವು, ಲಕೋಟೆಗಳು ಬಂದವು, ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದದ್ದೂ ಬಂತು. ಕುಕ್ಕರಿನ ಅನ್ನ ಮುಟ್ಟದ ಅತ್ತೆಗೆ ಕೊನೆಯವರೆಗೂ ತಪ್ಪಲೆಯಲ್ಲಿ ಬೇರೆ ಬಸಿದು ಕೊಟ್ಟೆ ಎಂದು ಒಬ್ಬರು ಬರೆದಿದ್ದರು. ಸೀಮೆಎಣ್ಣೆಯ ಸಾಲು, ರೇಷನ್ ಕಾರ್ಡು, ಅತ್ತೆ ಸೊಸೆಯ ಇಡೀ ಸಂಸಾರ ಅದರಲ್ಲಿತ್ತು.

‘ನಿಮ್ಮ ಕೆಲಸದಲ್ಲಿ ನಿಮಗಷ್ಟೇ ಗೊತ್ತಿದ್ದ ಉಪಾಯ ಯಾವುದು?’ ಎಂದು ಇನ್ನೊಂದು ತಿಂಗಳು ಕೇಳಿದಾಗ ತಾರು ಕಚೇರಿಯಲ್ಲಿದ್ದ ಹಿರಿಯರೊಬ್ಬರು ಬರೆದುಕೊಟ್ಟರು. ಮೋರ್ಸ್ ಯಂತ್ರದ ಸದ್ದನ್ನು ಚುಕ್ಕೆ ಗೀಟು ಎಂದು ಎಣಿಸುತ್ತ ಕೂತರೆ ಹಿಂದೆ ಬೀಳುತ್ತೀರಿ, ಪದವನ್ನೇ ಕಿವಿಯಲ್ಲಿ ಹಿಡಿಯಬೇಕು ಎಂದಿದ್ದರು. ಗದ್ದಲದ ಕೋಣೆಯಲ್ಲಿ ಸದ್ದು ಎದ್ದು ಕೇಳಲೆಂದು ಯಂತ್ರದ ಹಿಂದೆ ಖಾಲಿ ಸಿಗರೇಟು ಡಬ್ಬಿ ಇಡುತ್ತಿದ್ದರಂತೆ. ಹಬ್ಬ ಮದುವೆಗಳ ಶುಭಾಶಯಕ್ಕೆ ಒಂದೊಂದು ನಂಬರಿತ್ತು. ನಂಬರು ಕಳಿಸಿದರೆ ಆ ತುದಿಯಲ್ಲಿ ವಾಕ್ಯ ಆಗುತ್ತಿತ್ತು. ತಾರು ನಿಂತದ್ದು 2013ರ ಜುಲೈಯಲ್ಲಿ. ಅವರ ಬರಹಕ್ಕೆ ಒಂದೂವರೆ ಪುಟ ಕೊಟ್ಟೆ, ಅಧ್ಯಕ್ಷರ ಸಂದೇಶವನ್ನು ತೆಗೆದು. ಅಧ್ಯಕ್ಷರು ಎರಡು ವಾರ ಮಾತು ಬಿಟ್ಟರು. ಆಮೇಲೆ ತಾವೇ ಒಂದು ಲಕೋಟೆ ತಂದುಕೊಟ್ಟರು: ತಾವು ತಹಶೀಲ್ದಾರರಾಗಿದ್ದಾಗ ನಕ್ಷೆಯಿಲ್ಲದೆ ಗಡಿಕಲ್ಲು ಹುಡುಕುತ್ತಿದ್ದ ಬಗೆ. ಅದು ಬರುವ ಸಂಚಿಕೆಗೆ.

ಅದರ ಕೆಳಗೆ ಹೊಸ ಪ್ರಶ್ನೆಯನ್ನೂ ಕೂರಿಸಿ ಆಗಿದೆ. ರೇಡಿಯೊಗೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಮಾಡಿಸಬೇಕಿದ್ದ ಕಾಲದಲ್ಲಿ, ನಿಮ್ಮ ಮನೆಯ ಲೈಸೆನ್ಸ್ ಯಾರ ಹೆಸರಿನಲ್ಲಿತ್ತು, ಸ್ಟೇಷನ್ ತಿರುಗಿಸುವ ಹಕ್ಕು ಯಾರಿಗಿತ್ತು?