ಪಣಜಿಯ ಹಿಂದುಗಡೆ

ಜಾಂಬೋಟಿಯಲ್ಲಿ ಮನೆ ಮಾಡಿಕೊಂಡಿರುವ ಒಬ್ಬ ನಿವೃತ್ತ ಮಾಸ್ತರರಿಗೆ ದೊಡ್ಡ ಊರು ಎಂದರೆ ಪಣಜಿ. ಬೆಳಗಾವಿ ಅವರ ಪಾಲಿಗೆ ಬರೀ ಪೇಟೆ: ದವಾಖಾನೆ, ಕೋರ್ಟು, ಪಿಂಚಣಿಯ ಕಾಗದ, ಬರುವಾಗ ಒಂದು ಪಾವು ಕುಂದಾ. 2011ರ ಜನಗಣತಿ ಇದನ್ನು ಸುತರಾಂ ಒಪ್ಪುವುದಿಲ್ಲ. ಅದರ ಲೆಕ್ಕದಲ್ಲಿ ಬೆಳಗಾವಿಯ ಜನ 4.88 ಲಕ್ಷ, ಪಣಜಿ ಪಾಲಿಕೆಯ ಜನ ಸುಮಾರು 40 ಸಾವಿರ. ಬೆಳಗಾವಿಯೊಳಗೆ ಹತ್ತು ಪಣಜಿ ಇಟ್ಟರೂ ಟಿಳಕವಾಡಿಗೆ ಜಾಗ ಉಳಿದೀತು. ಮಾಸ್ತರರ ವಾದವೇ ಬೇರೆ. ಸಮುದ್ರ ಇದ್ದ ಊರಿನಲ್ಲಿ ತಲೆ ಎಣಿಸಬಾರದು, ಎದುರಿಗಿರುವ ನೀರನ್ನೂ ಸೇರಿಸಿ ಅಳೆಯಬೇಕು.

ಹಾಗೆ ಅಳೆಯಲು ಹೋದಾಗಲೇ ಅವರಿಗೆ ಕಿರಿಕಿರಿ ಶುರುವಾದದ್ದು. ಮಾಂಡವಿಯ ಮೇಲೆ ಸಂಜೆ ಹೊತ್ತು ಓಡುವ ಪ್ರವಾಸಿ ಬೋಟಿನಲ್ಲಿ ಮೈಕು ಹಿಡಿದ ಹುಡುಗನೊಬ್ಬ ಹಾಡು, ಕುಣಿತದ ನಡುವೆ ದಡವನ್ನು ತೋರಿಸುತ್ತಾನೆ. ಅದು ರೀಸ್ ಮಾಗೋಸ್ ಕೋಟೆ, ಇದು ಹಳೇ ಸೆಕ್ರೆಟರಿಯೆಟ್, ಝಗಝಗಿಸುತ್ತಿರುವುದು ಕ್ಯಾಸಿನೊ, ಮುಂದೆ ಅರಬ್ಬೀ ಸಮುದ್ರ. ಮಾಸ್ತರರು ವರ್ಗದಲ್ಲಿ ಮಕ್ಕಳು ಎತ್ತುವ ಹಾಗೆ ಕೈ ಎತ್ತಿ, ತಮಗೆ ಬರುವ ಹಿಂದಿಯಲ್ಲಿ, ಈ ನದಿ ಬರುವುದು ಎಲ್ಲಿಂದ ಎಂದು ಕೇಳಿದರು. 'ಪೀಛೇ ಸೇ, ಅಂಕಲ್' ಎಂದ ಹುಡುಗ ಮುಂದಿನ ಹಾಡಿಗೆ ಹೋಗಿಬಿಟ್ಟ.

ಪೀಛೇ ಇರುವುದು ಖಾನಾಪುರ ತಾಲೂಕು! ಬೋಟಿನವರೆಲ್ಲ ಕುಣಿಯುತ್ತಿರುವಾಗ ಮಾಸ್ತರರೊಬ್ಬರೇ ತಮ್ಮ ತಾಲೂಕಿನ ಮಾನ ಹೊತ್ತು ಕುರ್ಚಿಯಲ್ಲಿ ಕೂತರು.

ಜಾಂಬೋಟಿಯಿಂದ ಚೋರ್ಲಾ ರಸ್ತೆ ಹಿಡಿದರೆ, ಘಾಟು ಇಳಿಯುವ ಮೊದಲು ಕಣಕುಂಬಿ ಸಿಗುತ್ತದೆ. ಮಲಪ್ರಭೆ ಹುಟ್ಟುವುದು ಅಲ್ಲಿ. ಅವಳು ಪೂರ್ವಕ್ಕೆ ಹೊರಟು, ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಕೂಡಲಸಂಗಮದಲ್ಲಿ ಕೃಷ್ಣೆಯ ಕೈಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಅದೇ ಗುಡ್ಡಗಳ ಇನ್ನೊಂದು ಮಗ್ಗುಲಿಗೆ ಬಿದ್ದ ಮಳೆ ಮಹದಾಯಿಯಾಗಿ, ಘಟ್ಟ ಇಳಿದ ಮೇಲೆ ಮಾಂಡವಿಯಾಗಿ, ಪಣಜಿಯ ಕ್ಯಾಸಿನೊಗಳನ್ನು ತೇಲಿಸುತ್ತದೆ. ಆಷಾಢದ ಒಂದೇ ಮೋಡ ಎರಡು ಸಮುದ್ರಗಳಿಗೆ ಪಾಲು ಹಂಚುವ ಜಾಗ ಅದು. ಪಣಜಿಯ ನಲ್ಲಿಗಳಿಗೆ ನೀರು ಕೊಡುವ ಓಪಾ ಸ್ಥಾವರ ಕೂಡ ಮಾಂಡವಿಯ ಉಪನದಿ ಖಾಂಡೇಪಾರದ ದಡದಲ್ಲಿದೆ. ಆ ಹೊಳೆಯ ಮೇಲ್ಭಾಗವೇ ದೂಧಸಾಗರ, ಅದೂ ಘಟ್ಟದ ಮೇಲಿನ ಕ್ಯಾಸಲ್ ರಾಕ್ ಕಡೆಯಿಂದ ಇಳಿದದ್ದು.

ಹಾಗಂತ ಪಣಜಿಯವರಿಗೆ ಕಣಕುಂಬಿ ಗೊತ್ತೇ ಇಲ್ಲ ಎನ್ನುವಂತಿಲ್ಲ. ಜಗಳದಿಂದ ಗೊತ್ತು. ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ ನಾಲೆಯ ಕಾಮಗಾರಿ ಕಣಕುಂಬಿಯಲ್ಲಿಯೇ ನಡೆದದ್ದರಿಂದ ಗೋವೆಯ ಪತ್ರಿಕೆಗಳಲ್ಲಿ ಆ ಹಳ್ಳಿಯ ಹೆಸರು ಆಗಾಗ ಮುಖಪುಟಕ್ಕೆ ಬರುತ್ತದೆ. 2010ರಲ್ಲಿ ರಚನೆಯಾದ ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42, ಗೋವೆಗೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ ಎಂದು ಹಂಚಿತು. ಹಂಚಿಕೆಯಿಂದ ಯಾರಿಗೂ ಸಮಾಧಾನವಾಗಲಿಲ್ಲ. ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತ ನೀರು ಇದೇ. ಅದು ಬೋಟಿನ ಮೇಲೆ 'ಪೀಛೇ'ಯಲ್ಲಿ ಮುಗಿದುಹೋಗುವುದನ್ನು ಮಾಸ್ತರರಿಗೆ ಸಹಿಸಲಾಗಲಿಲ್ಲ. ಮರುದಿನ ಬೆಳಿಗ್ಗೆ, ಪಣಜಿಯಲ್ಲಿ ಇನ್ನೇನೇನು ಹಿಂದುಗಡೆಯಿಂದ ಬಂದಿದೆ ನೋಡೇಬಿಡೋಣ ಎಂದು ಹೊರಟರು.

ಮೊದಲು ಸಿಕ್ಕಿದ್ದು ಹೊಳೆದಂಡೆಯ ಹಳೇ ಸೆಕ್ರೆಟರಿಯೆಟ್. ಇಳಿಜಾರು ಹಂಚಿನ ಮಾಡು, ಸಾಲುಕಿಟಕಿ, ನೋಡಿದರೆ ಪೋರ್ಚುಗೀಸರದೇ ಅನ್ನಬೇಕು. ಮೂಲದಲ್ಲಿ ಅದು ವಿಜಯಪುರದ ಆದಿಲಶಾಹಿಯ ಅರಮನೆ. ಗೋಳಗುಮ್ಮಟ ಕಟ್ಟಿದ ಮನೆತನದವರೇ ಬೇಸಿಗೆಯಲ್ಲಿ ಗಾಳಿ ತಿನ್ನಲು ಇಲ್ಲೊಂದು ಮನೆ ಇಟ್ಟಿದ್ದರು. ಪೋರ್ಚುಗೀಸರ ಅಲ್ಬುಕರ್ಕ್ 1510ರಲ್ಲಿ ಗೋವೆಯನ್ನು ಗೆದ್ದ, ಆದಿಲಶಾಹಿ ಸೈನ್ಯಕ್ಕೆ ಸೋತು ಬಿಟ್ಟ, ಅದೇ ವರ್ಷ ನವೆಂಬರ್ 25ರಂದು ಮತ್ತೆ ಗೆದ್ದ. ಅವನಿಗೆ ಗೋವೆಯ ದಾರಿ ತೋರಿಸಿದವನು ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ. ಕಳೆದುಕೊಂಡವರು ವಿಜಯಪುರದವರು, ಕಿವಿಯೂದಿದವನು ಹೊನ್ನಾವರದವನು. ಇದನ್ನು ಅಭಿಮಾನದ ಪಟ್ಟಿಗೆ ಸೇರಿಸಬೇಕೋ ಬೇಡವೋ ಎಂದು ಮಾಸ್ತರರು ಸ್ವಲ್ಪ ಹೊತ್ತು ತಡವರಿಸಿ, ಕೊನೆಗೆ ಸೇರಿಸಿಕೊಂಡರು.

ಪಣಜಿಗೆ ರಾಜಧಾನಿಯ ಕಳೆ ಬಂದದ್ದು ತೀರಾ ಈಚೆಗೆ. ಮೊದಲಿನ ವೈಭವವೆಲ್ಲ ಹಳೇ ಗೋವೆಯದು. ಗೋವೆ ಕಂಡವರು ಲಿಸ್ಬನ್ ನೋಡಬೇಕಾಗಿಲ್ಲ ಎಂದು ಪೋರ್ಚುಗೀಸರೇ ಜಂಬ ಕೊಚ್ಚುತ್ತಿದ್ದ ಊರನ್ನು ಕಾಲರಾ, ಮಲೇರಿಯಾ ಬರಿದು ಮಾಡಿದವು. ವೈಸ್‌ರಾಯ್ 1759ರಲ್ಲಿ ಗಂಟುಮೂಟೆ ಕಟ್ಟಿ ಆದಿಲಶಾಹನ ಅರಮನೆಗೆ ಬಂದ. ಆಗ ಪಣಜಿ ಎಂದರೆ ತೆಂಗು, ಮರಳದಿಬ್ಬ, ಕೆಸರು. ದೊಂ ಮಾನುವೆಲ್ ದೆ ಪೋರ್ಚುಗಲ್ ಇ ಕಾಸ್ತ್ರೊ ಎಂಬ ಉದ್ದ ಹೆಸರಿನ ಆಡಳಿತಗಾರ 1826ರಿಂದ 1835ರವರೆಗೆ ಅಧಿಕಾರದಲ್ಲಿದ್ದಾಗ ದಿಬ್ಬ ಸವರಿ, ಕೆಸರು ತುಂಬಿಸಿ, ನೆಟ್ಟಗೆ ಬೀದಿ ಹಾಕಿಸಿದ. ಅಧಿಕೃತವಾಗಿ ರಾಜಧಾನಿಯಾದದ್ದು 1843ರಲ್ಲಿ. ಹಳೆಯದೆಂದು ಗಟ್ಟಿಯಾಗಿ ತೋರಿಸಬಹುದಾದದ್ದು ರಿಬಂದರಿಗೆ ಹೋಗುವ ಲಿನ್ಯಾರೆಸ್ ಸೇತು. 1630ರ ದಶಕದ್ದು, ಮೂರು ಕಿಲೋಮೀಟರಿಗೂ ಉದ್ದ, ಇವತ್ತಿಗೂ ಮೈಮೇಲೆ ವಾಹನ ಓಡಾಡುತ್ತವೆ. ಅದರ ಪಕ್ಕದಲ್ಲೇ ಸ್ವತಂತ್ರ ಭಾರತ ಕಟ್ಟಿದ ಮಾಂಡವಿ ಸೇತುವೆ 1986ರ ಜುಲೈಯಲ್ಲಿ ನದಿಗೆ ಕುಸಿದುಬಿತ್ತು. ಗುತ್ತಿಗೆದಾರರ ವಿಷಯದಲ್ಲಿ ಮಾತ್ರ ಮಾಸ್ತರರು ವಸಾಹತುಶಾಹಿಯನ್ನು ಮನ್ನಿಸುತ್ತಾರೆ.

ಬಸ್‌ಸ್ಟ್ಯಾಂಡಿಗೆ ಬಂದರೆ ಸಾಲಾಗಿ ಕದಂಬ ಬಸ್ಸುಗಳು. 1980ರಲ್ಲಿ ಸ್ಥಾಪನೆಯಾದ ಸಾರಿಗೆ ನಿಗಮಕ್ಕೆ ಗೋವೆ ಇಟ್ಟುಕೊಂಡದ್ದು ಗೋವೆಯ ಕದಂಬರ ಹೆಸರು. ಅವರ ಒಂದನೆಯ ಜಯಕೇಶಿ 11ನೇ ಶತಮಾನದಲ್ಲಿ ರಾಜಧಾನಿಯನ್ನು ಚಂದ್ರಪುರದಿಂದ ಗೋಪಕಪಟ್ಟಣದ ಬಂದರಿಗೆ ತಂದ. ಎರಡನೆಯ ಜಯಕೇಶಿ ಚಾಲುಕ್ಯ ವಿಕ್ರಮಾದಿತ್ಯನ ಅಳಿಯನಾದ. ಅವನ ಮಗ ಶಿವಚಿತ್ತ ಪೆರ್ಮಾಡಿಯ ಕಾಲದ, 1169ರ ಶಾಸನ ಈಗಲೂ ಇರುವುದು ಖಾನಾಪುರ ತಾಲೂಕಿನ ಹಲಸಿಯಲ್ಲಿ, ಭೂವರಾಹ ನರಸಿಂಹ ಗುಡಿಯಲ್ಲಿ. ಎರಡು ಗರ್ಭಗುಡಿ ಎದುರುಬದರು, ನಡುವೆ ತಣ್ಣನೆಯ ಮಂಟಪ. ಒಂದು ದೇವರಿಗೆ ಕೈಮುಗಿದರೆ ಇನ್ನೊಂದಕ್ಕೆ ಬೆನ್ನು ತೋರಿಸುವುದು ತಪ್ಪದು. ಆ ಹಲಸಿಯೂ ಅವರ ಕಾಲಕ್ಕಾಗಲೇ ಹಳೆಯ ಊರು. ಬನವಾಸಿಯ ಕದಂಬ ಕಾಕುಸ್ಥವರ್ಮನ ತಾಮ್ರಪಟ ಸಿಕ್ಕಿದ್ದು ಅಲ್ಲಿ, ಮೃಗೇಶವರ್ಮ ಜಿನಾಲಯ ಕಟ್ಟಿಸಿದ ಪಲಾಶಿಕೆ ಅದೇ. ಪಣಜಿಯ ಕೆಸರು ತುಂಬಿಸುವುದಕ್ಕೆ ಹದಿಮೂರು ಶತಮಾನ ಮೊದಲೇ ಅಲ್ಲಿ ರಾಜರು ದಾನ ಬರೆಸುತ್ತಿದ್ದರು. ಇಂಥ ಊರು ನೋಡಲು ಈಗ ಖಾನಾಪುರದಿಂದ ಬಸ್ಸು ಕಾಯಬೇಕು. ಹೆಸರು ಮಾತ್ರ ಪಣಜಿಯಲ್ಲಿ ಗಂಟೆಗೊಮ್ಮೆ ಹಾರನ್ ಹೊಡೆದುಕೊಂಡು ಹೊರಡುತ್ತದೆ.

ಇಷ್ಟೆಲ್ಲ ರಾಜರ ಕಥೆಯಾಯಿತು. ಮಾಸ್ತರರನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಬಟಾಟೆ.

ಗೋವೆ ಬಿಟ್ಟು ಹೋಗಲು ಪೋರ್ಚುಗೀಸರು ಒಪ್ಪದಿದ್ದಾಗ ಸತ್ಯಾಗ್ರಹಿಗಳು ಗಡಿ ದಾಟತೊಡಗಿದರು. 1955ರ ಆಗಸ್ಟ್ 15ರಂದು ನಿರಾಯುಧರ ಮೇಲೆ ಗೋಲಿಬಾರ್ ಆಗಿ ಹಲವರು ಸತ್ತರು. ಅದಾದ ಮೇಲೆ ಭಾರತ ಗೋವೆಗೆ ಆರ್ಥಿಕ ದಿಗ್ಬಂಧನ ಬಿಗಿಯಿತು. 1888ರಿಂದ ಕ್ಯಾಸಲ್ ರಾಕ್ ಮೂಲಕ ಮುರಗಾಂವಿಗೆ ಓಡುತ್ತಿದ್ದ ರೈಲು ನಿಂತಿತು. ಘಾಟಿನ ದಾರಿಗಳಿಗೆ ಬೀಗ ಬಿತ್ತು. ಮೇಲಿನ ಊರಿನ ಮಗಳನ್ನು ಕೆಳಗೆ ಕೊಟ್ಟವರು, ಕೆಳಗಿನ ದೇವರಿಗೆ ಮೇಲಿನಿಂದ ನಡೆದುಕೊಳ್ಳುವವರು ಆರು ವರ್ಷ ಆ ಕಡೆ ಈ ಕಡೆ ನಿಂತುಬಿಟ್ಟರು. ಸೋಲಬೇಕಾಗಿದ್ದ ಪೋರ್ಚುಗೀಸರು ಕಬ್ಬಿಣದ ಅದಿರು ಮಾರಿ, ಬಂದ ಹಣದಲ್ಲಿ ಹಡಗು ತುಂಬ ಸಾಮಾನು ತರಿಸಿದರು: ಪಾಕಿಸ್ತಾನದ ಅಕ್ಕಿ ಮತ್ತು ತರಕಾರಿ, ಸಿಲೋನಿನ ಚಹಾ, ಜಪಾನಿನ ಸಿಮೆಂಟು, ಬೆಲ್ಜಿಯಮ್ಮಿನ ಉಕ್ಕು, ಹಾಲೆಂಡಿನ ಬಟಾಟೆ.

ಹಾಲೆಂಡಿನ ಬಟಾಟೆ! ಘಟ್ಟದ ಮೇಲೆ ಬೆಳಗಾವಿಯ ಕೆಂಪುಮಣ್ಣಿನಲ್ಲಿ ಚೀಲಗಟ್ಟಲೆ ಬಟಾಟೆ. ಕೆಳಗೆ ಪಣಜಿಯ ಅಡುಗೆಮನೆಯಲ್ಲಿ, ಸೂಯೆಜ್ ಕಾಲುವೆ ದಾಟಿ ಬಂದ ಬಟಾಟೆ. ನಡುವೆ ಇರುವುದು ಒಂದು ಘಾಟು. ವರ್ಗದಲ್ಲಿ ಮಾಸ್ತರರು ಸ್ವಾತಂತ್ರ್ಯ ಹೋರಾಟವನ್ನು ಇಸವಿ ಹಾಕಿ ಕಲಿಸಿದವರು. ದೇಶದ ಗಡಿ ಎಂಬುದು ಪಲ್ಯದಲ್ಲಿಯೂ ಹೀಗೆ ಕೂರುತ್ತದೆ ಎಂದು ಯಾವ ಪಠ್ಯಪುಸ್ತಕವೂ ಅವರಿಗೆ ಹೇಳಿರಲಿಲ್ಲ. ದಿಗ್ಬಂಧನದ ಕಾಲದಲ್ಲಿ ಕೆಳಗಿನಿಂದ ಮೇಲಕ್ಕೆ ಚಿನ್ನ, ಫಾರಿನ್ ಗಡಿಯಾರ ಕದ್ದು ಹತ್ತುತ್ತಿದ್ದವು. ಮೇಲಿನಿಂದ ಕೆಳಕ್ಕೆ ಧ್ವನಿಯೊಂದು ಇಳಿಯುತ್ತಿತ್ತು. ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ 1955ರ ನವೆಂಬರ್ 25ರಿಂದ ಕಾಡಿನಲ್ಲಿ ಅಡಗಿ, ಮೊದಲು ಅಂಬೋಲಿಯಿಂದ, ಆಮೇಲೆ ಕ್ಯಾಸಲ್ ರಾಕ್‌ನಿಂದ, ಕೊಂಕಣಿ ಮತ್ತು ಪೋರ್ಚುಗೀಸಿನಲ್ಲಿ ಗುಪ್ತ ರೇಡಿಯೋ ನಡೆಸಿದರು. ಗೋವೆ ಬಿಡುಗಡೆಯಾಗುವವರೆಗೂ ಬಿಡಲಿಲ್ಲ. ಆ ಲಿಬಿಯಾ ಅವರಿಗೆ ಪದ್ಮಶ್ರೀ ಬಂದದ್ದು 2025ರಲ್ಲಿ, ನೂರು ವರ್ಷ ದಾಟಿದ ಮೇಲೆ.

ಬೀಗ ಒಡೆಯಲು ಹೊರಟ ಸೈನ್ಯವೂ ಬೆಳಗಾವಿಯಲ್ಲೇ ಸೇರಿತು. 1961ರ ಡಿಸೆಂಬರ್ 18ರಂದು ಅಲ್ಲಿನ ಸಾಂಬ್ರಾ ವಿಮಾನನೆಲೆಯಿಂದ ಎದ್ದ ಹಂಟರ್ ವಿಮಾನಗಳು ಪಣಜಿಯ ಹೊರಗಿನ ಬಾಂಬೋಳಿಯ ರೇಡಿಯೋ ಕೇಂದ್ರವನ್ನು ಹೊಡೆದುರುಳಿಸಿದವು. ಮರುದಿನ ಬೆಳಿಗ್ಗೆ ಸಗತ್ ಸಿಂಗ್ ಅವರ ಪ್ಯಾರಾ ಪಡೆ ಎದುರು ದಡದ ಬೇತಿಯಿಂದ ಮಾಂಡವಿ ದಾಟಿ ಊರಿಗೆ ಕಾಲಿಟ್ಟಿತು. ಕಾವಲು ಹೆಚ್ಚು ಇರಲಿಲ್ಲ. 451 ವರ್ಷದ ಆಳ್ವಿಕೆ ಒಂದೂವರೆ ದಿನದಲ್ಲಿ ಮುಗಿಯಿತು. ವಾಮನ, ಲಿಬಿಯಾ ವಿಮಾನ ಹತ್ತಿ ಗೋವೆಯ ಮೇಲೆ ಹಾರುತ್ತ ಧ್ವನಿವರ್ಧಕದಲ್ಲಿ ಸುದ್ದಿ ಕೂಗಿದರು.

ಬೀಗ ತೆಗೆದ ಮೇಲೆ ಬಟಾಟೆ ತನ್ನ ಹಳೇ ದಾರಿ ಹಿಡಿಯಿತು. ಈಗ ಪಣಜಿಯ ಊಟ ನಡೆಯುವುದೇ ಬೆಳಗಾವಿ ಎಪಿಎಂಸಿಯಿಂದ ಇಳಿಯುವ ಗಾಡಿಗಳ ಮೇಲೆ. ಗೋವಾ ಸರಕಾರದ ತೋಟಗಾರಿಕೆ ನಿಗಮ ಸಬ್ಸಿಡಿ ಕೊಟ್ಟು ಅಗ್ಗಕ್ಕೆ ಮಾರುವ ತರಕಾರಿಯಲ್ಲಿ ಬಹುಪಾಲು ಬೆಳಗಾವಿಯಿಂದಲೇ ಹೋದದ್ದು. 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಗಡಿಯಲ್ಲಿ ಗಾಡಿ ನಿಂತಾಗ ಅಲ್ಲಿನವರಿಗೆ ಬೆಳಗಾವಿ ನೆನಪಾಯಿತು, ಗಾಡಿ ಬಂದ ಮೇಲೆ ಮರೆತುಹೋಯಿತು. ಇದರಲ್ಲಿ ಅವರದೇನೂ ತಪ್ಪಿಲ್ಲ. ಬೆಳಗಾವಿಯವರಾದರೂ ತಾವು ತಿನ್ನುವ ಬಂಗಡೆ ಮೀನು ಯಾವ ಧಕ್ಕೆಯಿಂದ ಹತ್ತಿ ಬಂತು ಎಂದು ವಿಚಾರಿಸಿದ್ದುಂಟೇ?

ಊರಿಗೆ ಹೊರಡುವ ಮೊದಲು ಮಾಸ್ತರರು ಪಣಜಿಯ ಮಾರ್ಕೆಟ್ಟಿಗೆ ನುಗ್ಗಿದರು. ತರಕಾರಿ ಮಾರುವ ಹೆಂಗಸು ಗಿರಾಕಿಗಳ ಜೊತೆ ಕೊಂಕಣಿ, ತಕ್ಕಡಿ ಹಿಡಿದ ಮಗನ ಜೊತೆ ಬೈಲಹೊಂಗಲದ ಕನ್ನಡ ಆಡುತ್ತಿದ್ದಳು. ಗೋಣಿಚೀಲದ ಬಾಯಿ ಮಡಚಿಟ್ಟಿತ್ತು, ಬಟಾಟೆಗೆ ಇನ್ನೂ ಮಣ್ಣು ಹತ್ತಿತ್ತು. ದರ ಕೇಳಿದ ಮಾಸ್ತರರು ಹೌಹಾರಿದರು.

'ಇಷ್ಟ್ಯಾಕ ತುಟ್ಟಿ ಬೇ ಯವ್ವಾ?'

'ಬೆಳಗಾವಿ ಮಾಲೈತ್ರಿ ಅಜ್ಜಾರ. ಘಾಟ ಇಳದು ಬಂದೈತಿ. ಸೋವಿ ಬೇಕಂದ್ರ ಆ ಸರಕಾರಿ ಅಂಗಡಿಗೆ ಹೋಗ್ರಿ.'

'ಅಲ್ಲೀದರ ಎಲ್ಲೀದು?'

'ಅದೂ ಬೆಳಗಾವೀದ. ಸರಕಾರ ತುಂಬತೈತಿ, ನಿಮ್ಮಂಥವ್ರು ತಿಂತೀರಿ. ತೂಗ್ಲೋ ಬ್ಯಾಡೋ?'

ಮಾಸ್ತರರು ಅರ್ಧ ಕಿಲೋ ತೂಗಿಸಿದರು. ಚಿಲ್ಲರೆ ಇರಲಿಲ್ಲ, ಉಳಿದ ದುಡ್ಡಿಗೆ ಅವಳು ಹಸಿಮೆಣಸಿನಕಾಯಿ ಸುರಿದು ಚೀಲದ ಬಾಯಿ ಕಟ್ಟಿ ಕೊಟ್ಟಳು.